ಫೋಟೋಕ್ಕೆ ಅಂತ ಹೇಳಿ

ಕಳೆದ ವರ್ಷ ನಮ್ಮ ವಾರ್ಡಿನ ಒಂದು ಸಮಾರಂಭದಲ್ಲಿ ಭಾಷಣಕಾರರೊಬ್ಬರು, "ಇವತ್ತಿನ ಮದುವೆಗಳು ದೇವರ ಎದುರು ಆಗುವುದಿಲ್ಲ, ಕ್ಯಾಮೆರಾದ ಎದುರು ಆಗುತ್ತವೆ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಪಕ್ಕದಲ್ಲಿದ್ದ ತಂಗಿ ಮೊಣಕೈಯಲ್ಲಿ ತಿವಿದು, "ನಿನಗೇ ಹೇಳಿದ್ದು" ಎಂದಳು. ನನಗೇ ಹೇಳಿದ್ದು ಎಂದು ನನಗೂ ಗೊತ್ತಿತ್ತು. ಇಡೀ ಆಯುಷ್ಯ ಮಂಗಳೂರಿನ ಮದುವೆಗಳಲ್ಲಿ ಕ್ಯಾಮೆರಾ ಹಿಡಿದು ನಿಂತವಳು ನಾನು. ಬಲಭುಜ ಕೈಕೊಟ್ಟ ಮೇಲೆ ಕ್ಯಾಮೆರಾ ಕೆಳಗಿಟ್ಟಿದ್ದೇನೆ, ನಾಲಿಗೆ ಇನ್ನೂ ಗಟ್ಟಿಯಿದೆ. ಅವತ್ತು ಮೈಕು ಸಿಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಈಗ ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಓದಲಿ. ಎಲ್ಲರೂ ನಿಮ್ಮನ್ನು ಬೈಯುತ್ತಾರೆ. ಬೈಸಿಕೊಳ್ಳುವ ಮೊದಲು ನಿಮ್ಮ ಕೆಲಸ ಏನೆಂದು ತಿಳಿದುಕೊಂಡಿರುವುದು ಒಳ್ಳೆಯದು.

ಯಾವಾಗ ಸ್ವಂತ ಸ್ಟುಡಿಯೋ ಹಾಕಿದೆ, ಯಾವ ಸಂಘ ಶಾಲು ಹೊದಿಸಿತು ಎಂಬುದನ್ನೆಲ್ಲ ಬಿಡುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಈ ವೃತ್ತಿಗೆ ಬಂದದ್ದು ಹೇಗೆಂದು ಮಾತ್ರ ಹೇಳಬೇಕು. ಫಳ್ನೀರಿನಲ್ಲಿ ದಾಮೋದರಣ್ಣ ಎಂಬವರ ಸ್ಟುಡಿಯೋ ಇತ್ತು. ನಾನು ಅಲ್ಲಿ ಬಿಲ್ಲು ಬರೆಯುವ ಹುಡುಗಿ. ಬ್ಯಾರಿ ಮುಸ್ಲಿಮರ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರ್ ಹೋಗುವ ಹಾಗಿರಲಿಲ್ಲ. ಒಂದು ದಿನ ಅಂಥದೊಂದು ಆರ್ಡರು ಬಂದಾಗ ದಾಮೋದರಣ್ಣ ತಲೆ ಕೆರೆದುಕೊಂಡು ನನ್ನ ಕಡೆ ನೋಡಿದರು.

"ಸೆವ್ರಿನ್, ನಿನಗೆ ಬಟನ್ ಒತ್ಲಿಕ್ಕೆ ಬರ್ತದಾ?"

"ಬರ್ತದೆ" ಎಂದೆ. ಬರುತ್ತಿರಲಿಲ್ಲ. ಒಂದು ಮಧ್ಯಾಹ್ನದಲ್ಲಿ ಕಲಿತೆ. ಆ ಮದುವೆಯ ಹೆಂಗಸರು ನನ್ನನ್ನು ನಡುವೆ ಕೂರಿಸಿಕೊಂಡು, ಬಿರಿಯಾನಿ ತಿನ್ನಿಸಿ, ಎಷ್ಟು ನಗಾಡಿದರೆಂದರೆ ಫೋಟೋಗಳೆಲ್ಲ ಚೆನ್ನಾಗಿ ಬಂದವು. ಎದುರಿನವರು ನಕ್ಕರೆ ಅರ್ಧ ಕೆಲಸ ಆಯಿತು ಎಂಬ ಪಾಠ ಅಲ್ಲಿ ಸಿಕ್ಕಿತು. ಅದಾದ ಮೇಲೆ ದಾಮೋದರಣ್ಣ, "ನೀನು ಹೆಂಗಸರ ಕಡೆ ಮಾತ್ರ ನೋಡಿಕೋ. ಮಂಟಪದ ಹತ್ತಿರ ಬೇಡ, ಜನ ಎಂತ ಹೇಳ್ತಾರೆ?" ಎಂದರು. ಮುಂದಿನ ಮದುವೆಯಲ್ಲೇ ನಾನು ಮಂಟಪ ಹತ್ತಿದೆ. ಜನ ಎಂತದೋ ಹೇಳಿದರು. ಎಂತ ಹೇಳಿದರೆಂದು ಈಗ ನೆನಪಿಲ್ಲ. ತುಳು ಮಾತಾಡುವವರು ನಮ್ಮ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ. ಹಾಗೆ ನಾನು ಎಲ್ಲ ಕಲ್ಯಾಣಮಂಟಪದ ಹಾಲುಗಳಲ್ಲಿ ಕ್ಯಾಮೆರಾ ಬಾಯಮ್ಮನಾದೆ.

ಈಗಿನ ಮಕ್ಕಳು ಮದುವೆಗೆ ಮೊದಲೇ ಬೀಚಿಗೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ನಾಚಿಕೆಯಿಲ್ಲ ಎನ್ನುವ ಹಿರಿಯರಿದ್ದಾರಲ್ಲ, ಅವರ ಆಲ್ಬಮ್ ಮಾಡಿದವಳೂ ನಾನೇ. ಅವರ ಕಾಲದಲ್ಲಿ ಮದುಮಗಳನ್ನು ತಾವರೆಯೊಳಗೆ ಕೂರಿಸುತ್ತಿದ್ದೆವು, ಮದುಮಗನನ್ನು ವೀಳ್ಯದೆಲೆಯೊಳಗೆ. ಎರಡು ನೆಗೆಟಿವ್ ಸೇರಿಸಿದರೆ ಆಯಿತು. ಸ್ಟುಡಿಯೋದಲ್ಲಿ ವೈರೇ ಇಲ್ಲದ ಒಂದು ಕೆಂಪು ಟೆಲಿಫೋನ್ ಇತ್ತು. ಅದನ್ನು ಕಿವಿಗಿಟ್ಟುಕೊಂಡು ಬಾಯಿ ಓರೆಮಾಡಿ ನಗದ ಮದುಮಗಳು ಆ ಕಾಲದ ಮಂಗಳೂರಿನಲ್ಲಿ ಇರಲಿಲ್ಲ. ಯಾರ ಹತ್ತಿರ ಮಾತಾಡುತ್ತಿದ್ದಳೋ ದೇವರೇ ಬಲ್ಲ. ಆಮೇಲೆ ವಿಡಿಯೋ ಬಂತು, ಅದರ ಹಿಂದೆ ಬೆಂಕಿಯಂಥ ಲೈಟು ಬಂತು. ಧಾರೆಯ ಹೊತ್ತಿಗೆ ಮದುಮಗಳ ಪೌಡರು ಕುತ್ತಿಗೆಗೆ ಇಳಿದಿರುತ್ತಿತ್ತು. ಅದೂ ಟ್ರೆಂಡೇ. ಟ್ರೆಂಡಿಲ್ಲದ ಮದುವೆಯನ್ನು ನಾನು ನೋಡಿಲ್ಲ. ತಮ್ಮ ಕಾಲದ್ದನ್ನು ಸಂಪ್ರದಾಯ ಎನ್ನುತ್ತಾರೆ, ಮಕ್ಕಳ ಕಾಲದ್ದನ್ನು ಹುಚ್ಚು ಎನ್ನುತ್ತಾರೆ, ಅಷ್ಟೆ.

ಹುಚ್ಚು ಇಲ್ಲವೇ ಇಲ್ಲ ಎಂದು ಹೇಳುತ್ತಿಲ್ಲ. ಬಣ್ಣದ ಹೊಗೆ ಬಿಡುವ ಕಾಲ ಬಂದಾಗ ನಾನೂ ಮರುಳಾಗಿದ್ದೆ. ಇಗರ್ಜಿಯಲ್ಲಿ ಮದುವೆ ಮುಗಿಸಿದ ಜೋಡಿಯೊಂದನ್ನು ರಿಸೆಪ್ಶನ್ನಿಗೆ ಮೊದಲು ತಣ್ಣೀರುಬಾವಿಯ ಸಮುದ್ರತೀರಕ್ಕೆ ಕರೆದುಕೊಂಡು ಹೋದೆ. ಮದುಮಗಳದು ಹಾಲಿನಂಥ ಬಿಳಿ ಗೌನು. ಹಿಂದೆ ಗುಲಾಬಿ ಹೊಗೆ ಎದ್ದರೆ ಹೇಗಿರುತ್ತದೆ ಎಂದು ಮನಸ್ಸಿನಲ್ಲೇ ನೋಡಿ ಖುಷಿಪಟ್ಟಿದ್ದೆ. ಹೊಗೆ ಎದ್ದಿತು. ಸಮುದ್ರದ ಗಾಳಿ ಅದನ್ನು ಹಿಡಿದು ನೇರ ಗೌನಿನ ಮೇಲೆ ಹೊಡೆಯಿತು. ಬಿಳಿ ಹೋಗಿ ಐಸ್‌ಕ್ರೀಮಿನ ಬಣ್ಣ. ಮದುಮಗ ಕೆಮ್ಮುತ್ತ ಕೂತ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಹುಡುಗಿ ತನ್ನನ್ನೊಮ್ಮೆ ನೋಡಿಕೊಂಡು, "ಆಂಟಿ, ಇದು ಸಹ ಚಂದ ಉಂಟಲ್ಲ!" ಎಂದು ನಕ್ಕಳು. ಹಾಗೆಯೇ ರಿಸೆಪ್ಶನ್ನಿಗೆ ಹೋದಳು. ಗೌನು ಎಲ್ಲಿ ಹೊಲಿಸಿದ್ದು ಎಂದು ಊಟದ ಸಾಲಿನಲ್ಲಿ ಹೆಂಗಸರು ವಿಚಾರಿಸುತ್ತಿದ್ದರು. ಕಡಲ ಬದಿಯಲ್ಲಿ ಕ್ಯಾಮೆರಾ ತೆಗೆಯುವ ಮೊದಲು ಒಂದು ಹಿಡಿ ಮರಳು ಎತ್ತಿ ಬಿಟ್ಟು ಗಾಳಿ ನೋಡಿ. ಇದೊಂದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ಎಲ್ಲ ಟ್ರೆಂಡಿಗೂ ನಾನು ತಲೆಬಾಗಲಿಲ್ಲ. ಮುಖ ಬೆಳ್ಳಗೆ ಮಾಡುವ ಕೆಲಸವನ್ನು ಮಾಡಲಿಲ್ಲ. ಮೊದಲು ಅದನ್ನು ಬ್ರಷ್ಷಿನಲ್ಲಿ ಮಾಡುತ್ತಿದ್ದರು, ಕಂಪ್ಯೂಟರ್ ಬಂದ ಮೇಲೆ ಚಿಟಿಕೆಯಲ್ಲಿ. ವಾಮಂಜೂರಿನ ಕಡೆಯ ಒಂದು ಮದುವೆಯಲ್ಲಿ ಹುಡುಗಿ ಕಪ್ಪು, ಕಣ್ಣು ತುಂಬುವ ಕಪ್ಪು. ಗದ್ದೆಯ ಬದಿಯ ಬೆಳಗಿನ ಬಿಸಿಲಿನಲ್ಲಿ ಹಸಿರು ಸೀರೆ ಉಟ್ಟು ನಿಂತ ಅವಳ ಫೋಟೋ ನಾನು ತೆಗೆದ ಒಳ್ಳೆಯ ಫೋಟೋಗಳಲ್ಲಿ ಒಂದು. ಹುಡುಗನ ಅಕ್ಕ ಆಲ್ಬಮ್ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದಳು.

"ಸ್ವಲ್ಪ ಬಿಳಿ ಮಾಡಿ ಕೊಡಿ. ಎಲ್ಲರೂ ಮಾಡಿ ಕೊಡ್ತಾರಪ್ಪ."

"ಯಾರನ್ನು ಬಿಳಿ ಮಾಡ್ಬೇಕು?"

"ನಮ್ಮ ತಮ್ಮನ ಹೆಂಡತಿಯನ್ನು."

"ಮದುವೆ ಆದವಳು ಇವಳು ತಾನೇ? ಬಿಳಿ ಮಾಡಿದ್ರೆ ಬೇರೆ ಯಾರೋ ಆಗ್ತಾಳೆ. ನಾಳೆ ಅವಳ ಮಕ್ಕಳು ಆಲ್ಬಮ್ ನೋಡಿ ನಮ್ಮ ಅಮ್ಮ ಎಲ್ಲಿ ಅಂತ ಕೇಳಿದ್ರೆ ಎಂತ ಹೇಳ್ತೀರಿ?"

ಆಕೆ ಆಲ್ಬಮ್ಮನ್ನು ಮೇಜಿನ ಮೇಲೆ ಎಸೆದು ಹೋದಳು. ಬೇರೆ ಕಡೆ ಮಾಡಿಸಿಕೊಂಡಿರಬಹುದು. ನನ್ನ ಕೈಯಿಂದ ಆಗಲಿಲ್ಲ, ಅಷ್ಟೇ ನನಗೆ ಸಾಕು. ನಿಮ್ಮ ಕೈಯಿಂದಲೂ ಆಗದಿರಲಿ. ಮನುಷ್ಯರನ್ನು ಅಳಿಸಿಹಾಕುವ ಟ್ರೆಂಡನ್ನು ಬಾಗಿಲಲ್ಲೇ ನಿಲ್ಲಿಸಿ. ಅವರನ್ನು ಒಳಗೆ ಕರೆತರುವ ಟ್ರೆಂಡು ಬಂದರೆ ಮೂಲೆಯ ಕುರ್ಚಿಯನ್ನೂ ಸರಿಸಿ ಜಾಗ ಮಾಡಿ. ಈ ಮಾತು ನನಗೆ ಸುಮ್ಮನೆ ಹೊಳೆದದ್ದಲ್ಲ. ಪ್ರಜ್ಞಾಳ ಮದುವೆಯಲ್ಲಿ ತಿಳಿಯಿತು.

ಪ್ರಜ್ಞಾ ಪಡೀಲಿನ ಹುಡುಗಿ, ತುಳು ಮನೆಮಾತು. ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳು ಶಾಲೆಯಲ್ಲಿರುವಾಗಲೇ ತಂದೆ ತೀರಿಕೊಂಡಿದ್ದರು. ತಾಯಿ ಸುಮತಿಯಕ್ಕ ಮನೆಯ ಚಾವಡಿಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಮದುವೆಯ ರವಿಕೆಗೆ ಆ ಕಡೆಯಲ್ಲಿ ಅವರದೇ ಹೆಸರು. ಎಷ್ಟೋ ಮದುಮಕ್ಕಳ ಬೆನ್ನ ಮೇಲಿನ ಅವರ ಕಸೂತಿಯನ್ನು ನಾನು ಹತ್ತಿರದಿಂದ ತೆಗೆದಿದ್ದೆ. ಅವರನ್ನು ಮಾತ್ರ ಯಾವ ಮಂಟಪದ ಹತ್ತಿರವೂ ನೋಡಿರಲಿಲ್ಲ. ಹಾಲಿಗೆ ಬರುತ್ತಿದ್ದರು, ಮದುಮಗಳ ಕೋಣೆಯಲ್ಲಿ ರವಿಕೆಯ ಕೊಕ್ಕೆ ಹಾಕಿ ಕೊಡುತ್ತಿದ್ದರು. ಗಟ್ಟಿಮೇಳ ಕೇಳುವಾಗ ಹಿಂದಿನ ಸಾಲಿನಲ್ಲೋ ಊಟದ ಹಾಲಿನ ಬಾಗಿಲಲ್ಲೋ ಇರುತ್ತಿದ್ದರು. ಗಂಡ ಇಲ್ಲದವರು.

ಮದುವೆ ಹತ್ತಿರ ಬಂದಾಗ ಪ್ರಜ್ಞಾ ಡ್ಯೂಟಿ ಮುಗಿಸಿ ನನ್ನ ಸ್ಟುಡಿಯೋಕ್ಕೆ ಬಂದಳು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಉತ್ತರದ ಕಡೆಯ ಯಾವುದೋ ಮದುವೆ. ನಾಲ್ಕು ಜನ ಹೂವಿನ ಚಾದರವನ್ನು ಕೋಲಿನ ಮೇಲೆ ಎತ್ತಿ ಹಿಡಿದಿದ್ದಾರೆ, ಅದರ ಕೆಳಗೆ ಮದುಮಗಳು ನಡೆದು ಬರುತ್ತಿದ್ದಾಳೆ. ಆ ವರ್ಷ ಅದು ನಮ್ಮ ಹಾಲುಗಳಿಗೂ ಬಂದಿತ್ತು.

"ಇದು ಬೇಕು ಬಾಯಮ್ಮ. ಮಲ್ಲಿಗೆಯದ್ದೇ ಆಗ್ಬೇಕು."

"ಆಯ್ತು, ಮಾಡುವ. ಕೈ ಹಿಡಿದುಕೊಂಡು ಬರುವುದು ನಿನ್ನ ಮಾವ ಅಲ್ವಾ?"

ನಮ್ಮ ಊರಿನ ಕ್ರಮದಲ್ಲಿ ಸೋದರಮಾವನೇ ಮದುಮಗಳನ್ನು ಮಂಟಪಕ್ಕೆ ಕರೆತರುವುದು. ಅವಳ ಮಾವ ಜಗನ್ನಾಥಣ್ಣ ಬಹರೇನಿನಿಂದ ಬಂದು ಎಲ್ಲದಕ್ಕೂ ಮುಂದೆ ನಿಂತಿದ್ದರು.

"ಅಲ್ಲ" ಎಂದಳು. "ಅಮ್ಮ."

ನಾನು ಆರ್ಡರ್ ಪುಸ್ತಕ ಮುಚ್ಚಿಟ್ಟೆ. "ಮಾವ ಒಪ್ತಾರಾ?"

"ನಾನು ಕೇಳಿದ್ರೆ ಇಲ್ಲ. ಒಮ್ಮೆ ಕೇಳಿದೆ. ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೇನೆ, ಆ ಮಾತು ಬಿಡು ಅಂದ್ರು. ಆದ್ರೆ ನೀವು ಹೇಳಿದ್ರೆ ಕೇಳ್ತಾರೆ. ಅವರಿಗೆ ಫೋಟೋ ಅಂದ್ರೆ ಭಾರೀ ಇದು. ಡ್ರೋನ್ ಕೂಡ ಹೇಳಿದ್ದಾರಲ್ಲ."

"ನಾನು ಎಂತ ಹೇಳ್ಬೇಕು?"

"ಫೋಟೋಕ್ಕೆ ಅಂತ ಹೇಳಿ."

ನನಗೆ ನಗು ಬಂತು. ಆಮೇಲೆ ಅವಳ ಮುಖ ನೋಡಿ ನಗು ನಿಂತಿತು. ದಣಿದ ಕಣ್ಣು, ತುಟಿ ಗಟ್ಟಿಯಾಗಿ ಮುಚ್ಚಿದ್ದಳು. ಮಗಳಾಗಿ ಕೇಳಿ ಸಿಗದೇ ಇದ್ದದ್ದನ್ನು ಗಿರಾಕಿಯಾಗಿ ಕೇಳಲು ಬಂದಿದ್ದಳು.

ಜಗನ್ನಾಥಣ್ಣನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ತಾಯಿ ಮಗಳು ಒಟ್ಟಿಗೆ ಚಾದರದ ಕೆಳಗೆ ಬರುವುದು ಈಗಿನ ಸ್ಟೈಲ್. ವಿಡಿಯೋಕ್ಕೆ ಒಳ್ಳೇದಾಗ್ತದೆ" ಎಂದೆ. ಅವರು ಹುಬ್ಬು ಗಂಟಿಕ್ಕಿದರು.

"ಬರೀ ಫೋಟೋಕ್ಕಾ?"

"ಫೋಟೋಕ್ಕೆ."

"ಹಾಗಾದ್ರೆ ಮಂಟಪದ ಮೆಟ್ಟಿಲ ತನಕ. ಅಲ್ಲಿಂದ ನಾನು. ಮುಹೂರ್ತಕ್ಕೆ ನನ್ನ ತಂಗಿ ಅಲ್ಲಿ ಇರ್ಬಾರ್ದು, ಆಯ್ತಾ? ನಾನು ಕೆಟ್ಟವ ಅಂತ ಅಲ್ಲ ಬಾಯಮ್ಮ. ನಾಳೆ ಹುಡುಗಿಗೆ ಎಂತದಾದ್ರೂ ಆದ್ರೆ ಜನ ಯಾರನ್ನು ಕೇಳ್ತಾರೆ?"

ಅವರು ಕೆಟ್ಟವರಲ್ಲ ಎಂದು ನನಗೂ ಗೊತ್ತಿತ್ತು. ಇಂಥ ಕೆಲಸಗಳನ್ನು ಕೆಟ್ಟವರು ಮಾಡುವುದು ಕಡಿಮೆ.

ಕಷ್ಟವಾದದ್ದು ಸುಮತಿಯಕ್ಕನನ್ನು ಒಪ್ಪಿಸುವುದು. ಮದುವೆಯ ದಿನ ಬೆಳಿಗ್ಗೆ ಮದುಮಗಳ ಕೋಣೆಯಲ್ಲಿ ಅವರು ನೆಲದ ಮೇಲೆ ಕೂತು ಬಾಳೆನಾರಿನಲ್ಲಿ ಕಟ್ಟಿ ತಂದ ಮಲ್ಲಿಗೆಯ ಅಟ್ಟೆಗಳನ್ನು ಬಿಡಿಸುತ್ತಿದ್ದರು. ಮಾಸಲು ಬಣ್ಣದ ಸೀರೆ ಉಟ್ಟಿದ್ದರು. ನಾನು ಚಾದರದ ವಿಷಯ ಎತ್ತಿದ್ದೇ ತಡ, ಕೈ ನಿಂತಿತು.

"ನಾನು ಬರ್ಬಾರ್ದು ಬಾಯಮ್ಮ."

"ಯಾರು ಹೇಳಿದ್ದು? ನಿಮ್ಮ ಅಣ್ಣನೇ ಒಪ್ಪಿದ್ದಾರೆ."

"ಯಾರೂ ಹೇಳ್ಬೇಕಂತ ಇಲ್ಲ. ನಮಗೇ ಗೊತ್ತಿರ್ತದೆ."

ಈ ಮಾತು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ. ನಮ್ಮಲ್ಲೂ ಇದೇ ಕಥೆ ತಾನೇ? ರೋಸ್ ದಿನ, ಅಂದರೆ ಮದುವೆಯ ಮುನ್ನಾದಿನ ಮದುಮಕ್ಕಳಿಗೆ ತೆಂಗಿನಹಾಲು ಹಚ್ಚುವಾಗ, ಹಾಡು ಎತ್ತುವ ಹೆಂಗಸಿನ ಗಂಡ ಬದುಕಿರಬೇಕು. ನನ್ನ ದೊಡ್ಡಮ್ಮನಿಗೆ ಆ ಹಾಡುಗಳೆಲ್ಲ ಬಾಯಿಪಾಠ. ಗಂಡ ಹೋದ ಮೇಲೆ ಅವರು ಅಡುಗೆಮನೆಯಲ್ಲಿ ನಿಂತು ಸಣ್ಣ ದನಿಯಲ್ಲಿ ಗುನುಗುತ್ತಿದ್ದರು, ಹೊರಗೆ ಅರ್ಧಂಬರ್ಧ ಬರುವ ಯಾರೋ ತಪ್ಪು ತಪ್ಪಾಗಿ ಹಾಡುತ್ತಿದ್ದರು.

"ಸುಮತಿಯಕ್ಕಾ, ನೀವು ಹೊಲಿದ ರವಿಕೆ ಹಾಕಿಕೊಂಡು ಎಷ್ಟು ಹುಡುಗಿಯರು ಧಾರೆಗೆ ನಿಂತಿದ್ದಾರೆ?"

"ಲೆಕ್ಕ ಇಟ್ಟವರು ಯಾರು?"

"ನಿಮ್ಮ ಕೈ ಮುಟ್ಟಿದ ಬಟ್ಟೆ ಅವರ ಮೈಮೇಲೇ ಇತ್ತಲ್ಲ. ಒಬ್ಬಳಿಗಾದ್ರೂ ಕೆಟ್ಟದಾಯ್ತಾ?"

ಅವರು ಮತ್ತೆ ಮಲ್ಲಿಗೆಗೆ ಕೈ ಹಾಕಿದರು. ಕನ್ನಡಿಯ ಮುಂದೆ ಕೂತಿದ್ದ ಪ್ರಜ್ಞಾ ಹಿಂತಿರುಗದೆ, "ಅಮ್ಮ, ಬರೀ ಫೋಟೋಕ್ಕೆ" ಎಂದಳು. ಸುಮತಿಯಕ್ಕ ಎದ್ದು, ಮಗಳು ತನಗೆಂದು ತಂದಿಟ್ಟಿದ್ದ ನೇರಳೆ ಸೀರೆಯನ್ನು ಚೀಲದಿಂದ ತೆಗೆದರು.

ಅಭಿಜಿನ್ ಮುಹೂರ್ತ, ನಡು ಮಧ್ಯಾಹ್ನ. ಹಾಲು ತುಂಬಿತ್ತು. ವಾದ್ಯ ಶುರುವಾಯಿತು. ಚಾದರದ ಕೆಳಗೆ ತಾಯಿ ಮಗಳು ಬಾಗಿಲಿನಿಂದ ಹೊರಟರು. ನಾನು ಅವರ ಎದುರು ಹಿಂದೆ ಹಿಂದೆ ನಡೆಯುತ್ತ ಒಂದೇ ಸಮನೆ ತೆಗೆಯುತ್ತಿದ್ದೆ. ಸುಮತಿಯಕ್ಕ ನಗುತ್ತಿರಲಿಲ್ಲ. ಪರೀಕ್ಷೆಗೆ ಹೋಗುವವರ ಹಾಗೆ ನೆಲ ನೋಡಿಕೊಂಡು ಬರುತ್ತಿದ್ದರು. ಎರಡೂ ಬದಿಯಲ್ಲಿ ಮಾತು ನಿಂತಿತ್ತು. ಮಂಟಪದ ಮೆಟ್ಟಿಲ ಬಳಿ ಅವರು ಕೈ ಬಿಡಿಸಿಕೊಳ್ಳಲು ನೋಡಿದರು. ಪ್ರಜ್ಞಾ ಬಿಡಲಿಲ್ಲ. ಜಗನ್ನಾಥಣ್ಣ ಮೇಲಿನಿಂದ ಬಗ್ಗಿ ನನ್ನನ್ನು ಕೇಳಿದರು:

"ಸಾಕಲ್ಲ ಬಾಯಮ್ಮ? ಫೋಟೋ ಆಯ್ತಲ್ಲ?"

ಹಾಲಿನವರೆಲ್ಲ ನನ್ನ ಕಡೆ ತಿರುಗಿದರು. ಫೋಟೋ ಆಗಿತ್ತು. ಬಾಗಿಲಲ್ಲೇ ಒಳ್ಳೆಯದು ಸಿಕ್ಕಿತ್ತು. ನಾನು ಕ್ಯಾಮೆರಾ ಕಣ್ಣಿನಿಂದ ತೆಗೆಯದೆಯೇ ಹೇಳಿದೆ:

"ಆಗ್ಲಿಲ್ಲ. ಮೇಲೆ ಬನ್ನಿ."

ಸುಮತಿಯಕ್ಕ ಮೇಲೆ ಬಂದರು. ಪ್ರಜ್ಞಾ ಎಳೆದುಕೊಂಡು ಬಂದಳು ಎಂದರೂ ಸರಿಯೇ. "ಈಗ ಆಯ್ತಾ?" ಎಂದರು ಜಗನ್ನಾಥಣ್ಣ. "ಇಲ್ಲ, ಲೈಟು ಸರಿ ಇಲ್ಲ, ಸ್ವಲ್ಪ ಆಚೆ." ಮಾಲೆ ಹಾಕಿಸಿದ್ದಾಯಿತು. "ಈಗ?" "ಇನ್ನೊಂದು." ಪುರೋಹಿತರು ಗಡಿಯಾರ ನೋಡಿ, "ಮುಹೂರ್ತ ಮೀರ್ತದೆ. ನಿಲ್ಲುವವರು ನಿಲ್ಲಿ, ಇಳಿಯುವವರು ಇಳಿಯಿರಿ" ಎಂದರು. ಯಾರೂ ಇಳಿಯಲಿಲ್ಲ. ನನ್ನ ಬಾಯಿ "ಆಗ್ಲಿಲ್ಲ, ಇನ್ನೂ ಆಗ್ಲಿಲ್ಲ" ಎನ್ನುತ್ತಲೇ ಇತ್ತು. ಹಾಲಿನಲ್ಲಿ ಬೇರೆ ಯಾರು ಆ ಮಾತು ಹೇಳಿದ್ದರೂ ಜಗಳವಾಗುತ್ತಿತ್ತು. ಫೋಟೋದವಳಿಗೆ ಎದುರಾಡುವವರಿಲ್ಲ. ಅವಳು ನಿಲ್ಲಿ ಎಂದರೆ ಮಂತ್ರಿಯೂ ನಿಲ್ಲುತ್ತಾನೆ.

ಧಾರೆಯ ಗಿಂಡಿ ಬಂತು. ತಂದೆತಾಯಿಯ ಜಾಗದಲ್ಲಿ ಜಗನ್ನಾಥಣ್ಣನೂ ಅವರ ಹೆಂಡತಿಯೂ ಹಿಡಿದರು. ಆ ಹೆಂಗಸು ಬೆಳಗಿನಿಂದ ಒಂದು ಮಾತೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಈಗ ಅರ್ಧ ಹೆಜ್ಜೆ ಬದಿಗೆ ಸರಿದು, ನಾದಿನಿಯ ಕೈಯನ್ನು ಹಿಡಿದು ಗಿಂಡಿಯ ಮೇಲಿಟ್ಟು, ತನ್ನ ಕೈಯನ್ನು ಅದರ ಮೇಲಿಟ್ಟರು. ಗಂಡ ತಿರುಗಿ ನೋಡಿದಾಗ, ಮುಖ ಅಲ್ಲಾಡಿಸದೆ, "ಫೋಟೋ ತೆಗೀತಿದ್ದಾರೆ, ಎದುರು ನೋಡಿ" ಎಂದರು.

ಅವರು ಎದುರು ನೋಡಿದರು. ನೀರು ಬಿತ್ತು.

ಊಟದ ಹೊತ್ತಿಗೆ ಜಗನ್ನಾಥಣ್ಣ ನನ್ನನ್ನು ಹುಡುಕಿಕೊಂಡು ಬಂದರು. ಮುಖ ಕೆಂಪಾಗಿತ್ತು.

"ಬರೀ ಫೋಟೋಕ್ಕೆ ಅಂತ ಹೇಳಿ ನಮಗೆ ಮೋಸ ಮಾಡಿದ್ರಿ ನೀವು."

"ಫೋಟೋ ಸಿಗ್ತದಲ್ಲ" ಎಂದೆ.

"ನಿಮ್ಮ ಜಾತಿಯಲ್ಲಿ ಮಾಡಿ ಇದನ್ನೆಲ್ಲ!"

"ಅಲ್ಲಿಯೂ ಮಾಡ್ತೇನೆ."

ಮಾಡಿದೆ ಕೂಡ. ಮುಂದಿನ ಒಂದು ರೋಸಿನಲ್ಲಿ ಆ ಮನೆಯ ವಿಧವೆ ಚಿಕ್ಕಮ್ಮನನ್ನು ಹಾಡಿನವರ ನಡುವೆ ನಿಲ್ಲಿಸಿದೆ, ದನಿ ವಿಡಿಯೋಕ್ಕೆ ಚೆನ್ನಾಗಿ ಬರುತ್ತದೆ ಎಂದು ಹೇಳಿ. ಮನೆಯ ಮುದುಕಿಯೊಬ್ಬರು ನನಗೆ ಕೇಕು ಕೊಡಲಿಲ್ಲ. ಜಗನ್ನಾಥಣ್ಣ ಮತ್ತೆ ಯಾವತ್ತೂ ನನ್ನನ್ನು ಕರೆಯಲಿಲ್ಲ. ಅವರ ಬಳಗದ ಮದುವೆಗಳು ಒಂದೊಂದಾಗಿ ಬೇರೆಯವರ ಪಾಲಾದವು. ದಾಮೋದರಣ್ಣ ಆಗ ಮನೆಯಲ್ಲೇ ಇರುತ್ತಿದ್ದರು. ಸುದ್ದಿ ಕೇಳಿ, "ನಿನಗೆ ಫೋಟೋ ತೆಗೀಲಿಕ್ಕೆ ಕಲಿಸಿದ್ದು, ಊರು ತಿದ್ದಲಿಕ್ಕೆ ಅಲ್ಲ" ಎಂದು ಬೈದರು. "ಎರಡೂ ಒಟ್ಟಿಗೆ ಆಗ್ತದೆ ದಾಮೋದರಣ್ಣ" ಎಂದೆ. ಅವರು ಚಹಾ ತರಲು ಹೇಳಿದರು.

ಆ ಗಿಂಡಿಯ ಫೋಟೋ ಮಾದರಿ ಫೋಟೋ ಏನಲ್ಲ. ಜಗನ್ನಾಥಣ್ಣ ಹುಬ್ಬು ಗಂಟಿಕ್ಕಿದ್ದಾರೆ. ಸುಮತಿಯಕ್ಕನ ಬಾಯಿ ಸ್ವಲ್ಪ ತೆರೆದಿದೆ, ನೀರು ಬೀಳುವುದನ್ನು ಮೊದಲ ಸಲ ನೋಡುವ ಮಗುವಿನ ಹಾಗೆ. ಒಂದು ಮೂಲೆ ಮಸುಕಾಗಿದೆ. ಪ್ರಜ್ಞಾ ಆಲ್ಬಮ್ಮಿನ ಮೊದಲ ಪುಟಕ್ಕೆ ಅದೇ ಬೇಕೆಂದಳು. ಚಾದರದ ಕೆಳಗಿನ ಇನ್ನೊಂದು ಫೋಟೋವನ್ನು ಇಂಟರ್ನೆಟ್ಟಿಗೆ ಹಾಕಿದಳು. ಅವಳ ಆಸ್ಪತ್ರೆಯ ಹುಡುಗಿಯರು ಅದನ್ನು ಒಬ್ಬರಿಂದ ಒಬ್ಬರಿಗೆ ಕಳಿಸಿದರು. ಅವಳಿಗೆ ಕೆಟ್ಟದಾಯಿತೇ ಎಂದು ಕೇಳುವವರಿಗೆ ಹೇಳುತ್ತೇನೆ: ಗಂಡನ ಜೊತೆ ಜಗಳವಾಡುತ್ತಾಳೆ, ರಾಜಿಯಾಗುತ್ತಾಳೆ, ಎಲ್ಲರ ಹಾಗೆ ಇದ್ದಾಳೆ. ಸುಮತಿಯಕ್ಕ ಈಗ ಮದುಮಗಳ ಬೆನ್ನ ಹಿಂದೆಯೇ ಮಂಟಪ ಹತ್ತುತ್ತಾರೆ. ರವಿಕೆ ಸರಿಪಡಿಸಲಿಕ್ಕೆ ಎನ್ನುತ್ತಾರೆ.

ಕೆಲವು ತಿಂಗಳ ನಂತರ ಒಂದು ಸಂಜೆ ತಾಯಿ ಮಗಳು ಇಬ್ಬರು ಸ್ಟುಡಿಯೋಕ್ಕೆ ಬಂದರು. ನನಗೆ ಪರಿಚಯ ಇಲ್ಲದವರು. ಮಗಳ ಮದುವೆ ಗೊತ್ತಾಗಿತ್ತು. ಆಕೆ ಡ್ರೋನು, ಆಲ್ಬಮ್ಮು ಎಲ್ಲ ವಿಚಾರಿಸುತ್ತಿದ್ದಳು. ತಾಯಿ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಬರಿಹಣೆ, ಬರಿಗೈ. ಮಾತು ಮುಗಿದು ಮಗಳು ಎದ್ದಾಗ ಅವರು ಮಾತ್ರ ಏಳಲಿಲ್ಲ. ಸೆರಗಿನೊಳಗಿನಿಂದ ತಮ್ಮ ಮೊಬೈಲು ತೆಗೆದು, ಬೆರಳಿನಿಂದ ಹುಡುಕಿ, ನನ್ನ ಮುಂದೆ ಹಿಡಿದರು. ಪ್ರಜ್ಞಾ ಮತ್ತು ಸುಮತಿಯಕ್ಕ, ಮಲ್ಲಿಗೆಯ ಚಾದರದ ಕೆಳಗೆ.

"ಇದು..." ಎಂದರು. "ತಾಯಿ ಬರುವುದು. ಇದು ಈಗ ಎಲ್ಲರೂ ಮಾಡ್ತಾರಾ ಬಾಯಮ್ಮ?"

ಮಗಳು ತಾಯಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ನನಗೆ ಗೊತ್ತಿದ್ದ ಹಾಗೆ ಇಡೀ ಮಂಗಳೂರಿನಲ್ಲಿ ಅದನ್ನು ಮಾಡಿದವರು ಅಲ್ಲಿಯ ತನಕ ಒಬ್ಬರೇ.

"ಹೌದಮ್ಮ, ಈಗ ಎಲ್ಲ ಕಡೆ ಅದೇ" ಎಂದೆ. "ಮಾಡದಿದ್ರೆ ಆಲ್ಬಮ್ ಚಂದ ಬರುವುದಿಲ್ಲ."

ನಾನು ಕ್ಯಾಮೆರಾ ಕೆಳಗಿಡುವ ಹೊತ್ತಿಗೆ ಅದು ಸುಳ್ಳಾಗಿ ಉಳಿದಿರಲಿಲ್ಲ.